ನಲವತ್ತಮೂರು ಉಜ್ಜುಗೊರಡು, ಮುಚ್ಚದ ಒಂದು ಬಾಗಿಲು

ವಿಲ್ಫ್ ಇಬ್ಬಟ್ಸನ್ ಅವಳನ್ನು ಮೊದಲು ಕಂಡದ್ದು ಮಾರ್ಚ್ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ, ಶೆಫೀಲ್ಡಿನ ಚರ್ಚೊಂದರಲ್ಲಿ ನಡೆದ ಹಳೆ ಸಾಮಾನಿನ ಮಾರಾಟದಲ್ಲಿ. ಮೂಗು ಮುರಿದ ಟೀ ಪಾತ್ರೆಗೂ ಒಂಟಿ ಬೂಟಿಗೂ ನಡುವೆ ಅವಳು ಕೂತಿದ್ದಳು. ಉಕ್ಕಿನ ಮೈ, ಬೀಟೆಮರದ ಹೊಟ್ಟೆ, ಹಣೆಯ ಮೇಲೆ 'ಸ್ಪಿಯರ್ಸ್, ಏರ್' ಎಂದು ತಯಾರಕರ ಹೆಸರು, ಊರಿನ ಅಚ್ಚು. ವಿಲ್ಫ್ ಟೋಪಿ ತೆಗೆದು ಎದೆಗೆ ಹಿಡಿದ. (ಹೆಂಡತಿ ಎನಿಡ್‌ಳನ್ನು ಮೊದಲು ಕಂಡದ್ದೆಲ್ಲಿ ಎಂದು ಕೇಳಿದರೆ ಮಾತ್ರ 'ಬಸ್ಸಿನಲ್ಲಿರಬೇಕು' ಎನ್ನುತ್ತಾನೆ.)

'ಅವಳು' ಅಂದರೆ ಬಡಗಿಗಳು ಮರ ನುಣುಪು ಮಾಡುವ ಉಜ್ಜುಗೊರಡು. ವಯಸ್ಸು ನೂರು ದಾಟಿದ್ದರೂ ಅಲಗನ್ನು ಯಾರೂ ಮಸೆದಿರಲಿಲ್ಲ. ಸಂಗ್ರಹಕಾರರ ಲೋಕದಲ್ಲಿ ಇದಕ್ಕಿಂತ ದೊಡ್ಡ ವ್ರತವಿಲ್ಲ. ಮಸೆದಷ್ಟೂ ಅಲಗು ಸವೆಯುತ್ತದೆ, ಅಲಗು ಸವೆದಷ್ಟೂ ಮಾನ ಸವೆಯುತ್ತದೆ. ಲಂಡನ್ನಿನ ನಾರಿಸ್, ಬರ್ಮಿಂಗ್‌ಹ್ಯಾಮಿನ ಪ್ರೆಸ್ಟನ್, ಗ್ಲಾಸ್ಗೋದ ಮ್ಯಾಥೀಸನ್ ಎಂದು ನಲವತ್ತೆರಡು ರಾಣಿಯರಿದ್ದ ಅಂತಃಪುರಕ್ಕೆ ಇವಳು ಪಟ್ಟದರಸಿಯಾಗಿ ಬಂದಳು.

ಅದೇ ಅರಮನೆಯ ಪಾಯಿಖಾನೆಯ ಬಾಗಿಲು ತೇವಕ್ಕೆ ಉಬ್ಬಿಕೊಂಡು ಮೂರು ತಿಂಗಳಿಂದ ಮುಚ್ಚುತ್ತಿರಲಿಲ್ಲ. ಒಳಗೆ ಹೋದವರು ಹೊರಗಿನವರಿಗೆ ತಿಳಿಯಲೆಂದು ಗಟ್ಟಿಯಾಗಿ ಹಾಡುತ್ತಿರಬೇಕಿತ್ತು.

"ಅಲ್ಲ ಕಣೋ ವಿಲ್ಫ್, ನಲವತ್ತಮೂರು ಇಟ್ಕೊಂಡಿದೀಯ. ಒಂದನ್ನ ತಗೊಂಡು ಆ ಬಾಗಿಲು ನಾಲ್ಕು ಸಲ ಉಜ್ಜೋಕಾಗಲ್ವಾ?" ಎಂದಳು ಎನಿಡ್.

"ಉಜ್ಜೋದಾ! ಮ್ಯೂಸಿಯಮ್ಮಿನ ಕಿರೀಟ ಹಾಕ್ಕೊಂಡು ತರಕಾರಿ ತಗೊಂಡು ಬಾ ಅಂತೀಯಾ?"

"ನಮ್ಮಪ್ಪ ಬಡಗಿ. ನನ್ನ ಕೈಗಾದ್ರೂ ಕೊಡು, ಹತ್ತು ನಿಮಿಷದ ಕೆಲಸ."

"ಮುಟ್ಟಿದ್ರೆ ನೋಡು ಎನಿಡ್!"

"ಹಾಗಾದ್ರೆ ಭಾನುವಾರ ಬರ್ತಾಳಲ್ಲ ನಿಮ್ಮ ಅಧ್ಯಕ್ಷೆ, ಆಯಮ್ಮನಿಗೆ ಯಾವ ಹಾಡು ಬರುತ್ತೆ ಅಂತ ಮೊದಲೇ ಕೇಳಿಟ್ಟಿರು."

ಭಾನುವಾರ ಬರುವವರಿದ್ದದ್ದು ಉಜ್ಜುಗೊರಡು ಸಂಗ್ರಹಕಾರರ ಸಂಘದ ಅಧ್ಯಕ್ಷೆ ಮಿಸೆಸ್ ಗಾಸ್ಲಿಂಗ್ ಮತ್ತು ಇಬ್ಬರು ಸದಸ್ಯರು. ಎಲ್ಲರಿಗಿಂತ ಕಡಿಮೆ ಸವೆದ ಅಲಗಿಗೆ ಸಂಘ ವರ್ಷಕ್ಕೊಂದು ಬೆಳ್ಳಿ ಪದಕ ಕೊಡುತ್ತಿತ್ತು. ವಿಲ್ಫ್ ಹನ್ನೊಂದು ವರ್ಷದಿಂದ ಅದಕ್ಕೆ ಬಾಯಿ ಬಿಟ್ಟುಕೊಂಡು ಕೂತಿದ್ದ. ಈ ಸಲ ಗೋಡೆಗೆ ಮೊಳೆಯನ್ನೂ ಹೊಡೆದಾಗಿತ್ತು.

ಅತಿಥಿಗಳನ್ನು ಕರೆತರಲು ಅವನು ರೈಲು ನಿಲ್ದಾಣಕ್ಕೆ ಹೋಗಿ ಬರುವಷ್ಟರಲ್ಲಿ ಮೇಜಿನ ಮೇಲೆ ಟೀ, ಕೇಕು, ಮಖಮಲ್ಲಿನ ಮೇಲೆ ಪಟ್ಟದರಸಿ ಎಲ್ಲ ಸಿದ್ಧವಾಗಿತ್ತು. ನಾಲ್ಕು ಕಪ್ ಟೀ ಕುಡಿದ ಮಿಸೆಸ್ ಗಾಸ್ಲಿಂಗ್ ಭೂತಗನ್ನಡಿ ಹಿಡಿದು ಗಂಭೀರವಾಗಿ ಅಲಗು ಬಿಚ್ಚಿದರು. ಅದರ ಬುಡದಿಂದ ತೆಳ್ಳನೆಯ ಮರದ ಸುರುಳಿಯೊಂದು ಜಾರಿ ಕೇಕಿನ ಮೇಲೆ ಬಿತ್ತು. ಅದರ ಅಂಚಿಗೆ ಪಾಯಿಖಾನೆಯ ಬಾಗಿಲಿನ ಹಸಿರು ಬಣ್ಣವಿತ್ತು.

"ಮಸೆದಿದ್ದಾರೆ!" ಎಂದು ಚೀರಿದರು. ಸದಸ್ಯರಿಬ್ಬರೂ ಶವದ ಮುಂದೆ ನಿಲ್ಲುವಂತೆ ಎದ್ದು ನಿಂತರು.

"ಎನಿಡ್!"

"ಏನೀಗ? ಇರೋದ್ರಲ್ಲಿ ಒಳ್ಳೇದನ್ನೇ ತಗೊಂಡೆ. ಮಸೆದು ಉಜ್ಜಿದ್ರೆ ಬೆಣ್ಣೆ ತೆಗೆದ ಹಾಗೆ ಬಂತು ಕಣೋ! ಅದನ್ನ ಮಾಡಿದ ಪುಣ್ಯಾತ್ಮರಿಗೆ ಕೆಲಸ ಗೊತ್ತಿತ್ತು."

"ಪದಕದ ಮಾತು ಮುಗೀತು," ಎಂದರು ಅಧ್ಯಕ್ಷೆ, ಐದನೆಯ ಕಪ್ಪನ್ನೂ ಬರಿದು ಮಾಡಿ. ಆಮೇಲೆ ತುಸು ಚಡಪಡಿಸಿ, ಎನಿಡ್‌ಳ ಕಿವಿಯಲ್ಲಿ ದಾರಿ ಕೇಳಿದರು.

'ಟಕ್' ಎಂದು ಬಾಗಿಲು ಮುಚ್ಚಿತು. ತೆರೆಯಿತು. ಮತ್ತೆ 'ಟಕ್'. ಮತ್ತೊಮ್ಮೆ 'ಟಕ್'. ಹೊರಬಂದಾಗ ಅವರ ಮುಖ ಅರಳಿತ್ತು.

"ಒಂದೇ ಬೆರಳಲ್ಲಿ ಮುಚ್ಚುತ್ತೆ! ಎನಿಡ್, ನಮ್ಮನೇಲಿ ಅರವತ್ತು ಉಜ್ಜುಗೊರಡು ಇದಾವೆ. ಬಚ್ಚಲ ಬಾಗಿಲು ಮುಚ್ಚಿ ಒಂಬತ್ತು ವರ್ಷ ಆಯ್ತಮ್ಮ. ಮಂಗಳವಾರ ಬರ್ತೀಯಾ?"

"ನಮ್ಮ ಮುಂಬಾಗಿಲಿಗೆ ನಾನು ಕುರ್ಚಿ ಒರಗಿಸಿ ಮಲಗೋದು," ಎಂದ ಒಬ್ಬ ಸದಸ್ಯ.

"ನಮ್ಮದಕ್ಕೆ ಬೀರು," ಎಂದ ಇನ್ನೊಬ್ಬ.

"ಬರ್ತೀನಿ. ಸ್ಪಿಯರ್ಸ್ ನನ್ನ ಚೀಲದಲ್ಲಿರುತ್ತೆ. ಉಜ್ಜುವಾಗ ಬಾಗಿಲು ಅಲುಗದ ಹಾಗೆ ಹಿಡ್ಕೊಳ್ಳೋಕೆ ಒಬ್ಬ ಆಳು ಬೇಕಷ್ಟೆ," ಎಂದಳು ಎನಿಡ್.

ಎಲ್ಲರೂ ವಿಲ್ಫನ ಕಡೆ ತಿರುಗಿದರು.

ಈಗ ವಿಲ್ಫ್ ಮಂಗಳವಾರ ಮತ್ತು ಗುರುವಾರ ಸಂಘದ ಸದಸ್ಯರ ಮನೆಗಳಲ್ಲಿ ಬಾಗಿಲು ಹಿಡಿದುಕೊಂಡು ನಿಲ್ಲುತ್ತಾನೆ.