ಕಿತ್ತಳೆಗೆ ಬಂದ ಬಣ್ಣ

"ಹಣ್ಣಾಗಿದೆಯಾ ಅಂತ ಕಚ್ಚಿ ನೋಡೋದು ಅಳಿಲಿನ ಕೆಲಸ. ನನಗೆ ಬಣ್ಣ ನೋಡಿದರೆ ಸಾಕು," ಎಂದು ಅವನು ಹಿತ್ತಲಲ್ಲಿ ನಿಂತು ಹೆಂಡತಿಗೆ ಸಾರಿದ.

ಸಾರುವ ಯೋಗ್ಯತೆ ಅವನಿಗಿತ್ತು. ಬಣ್ಣದಂಗಡಿಯಲ್ಲಿ ಗಿರಾಕಿಗಳು ಹಳೇ ಗೋಡೆಯ ಚಕ್ಕೆ ತಂದುಕೊಟ್ಟರೆ, ತದ್ವತ್ ಅದೇ ಬಣ್ಣ ಬೆರೆಸಿ ಕೊಡುವುದು ಅವನ ಉದ್ಯೋಗ. ಆದರೆ ಅತ್ತೆಯ ಮುಂದೆ ಈ ವಿದ್ಯೆ ನಡೆಯುತ್ತಿರಲಿಲ್ಲ. ಕಿತ್ತಳೆ ಸಸಿ ಕೊಟ್ಟವರು ಅವರೇ. ಬಂದಾಗಲೆಲ್ಲ ಗಿಡವನ್ನು ನೋಡುವರು, ಅಳಿಯನನ್ನು ನೋಡುವರು, ಒಳಗೆ ಹೋಗುವರು. ಮದುವೆಯಾದಾಗಿನಿಂದ ಆ ಬಾಯಿಂದ ಒಂದು ಮೆಚ್ಚುಗೆಯ ಮಾತು ಬಂದಿರಲಿಲ್ಲ. ಈ ವರ್ಷ ಗಿಡ ಮೊದಲ ಬಾರಿಗೆ ಕಾಯಿ ಬಿಟ್ಟಿತ್ತು, ಭಾನುವಾರ ಅತ್ತೆ ಬರುವವರಿದ್ದರು. ಒಂದೇ ಒಂದು ಸಲ ಭೇಷ್ ಅನ್ನಿಸಿಕೊಳ್ಳಬೇಕೆಂದು ಅವನ ಜೀವ ಹಪಹಪಿಸುತ್ತಿತ್ತು.

ತೊಂದರೆಯೆಂದರೆ, ದಿನಾ ಬೆಳಗ್ಗೆ ಅಂಗಡಿಯ ಶೇಡ್ ಕಾರ್ಡ್ ಹಿಡಿದು ನೋಡಿದರೂ ಕಾಯಿ ಹಸಿರು ಬಿಡಲೊಲ್ಲದು.

"ಒಂದು ಕಿತ್ತು ತಿಂದು ನೋಡಬಾರದೇನ್ರೀ?" ಎಂದಳು ಹೆಂಡತಿ.

"ಬಣ್ಣವೇ ಬರದೆ ರುಚಿ ಎಲ್ಲಿಂದ ಬರುತ್ತೆ? ಎಲ್ಲಾ ಕಿತ್ತು ಬಾಳೆಹಣ್ಣಿನ ಜೊತೆ ಚೀಲದಲ್ಲಿ ಕಟ್ಟಿಡ್ತೀನಿ. ತಾನಾಗೇ ಬಣ್ಣ ತಿರುಗುತ್ತೆ."

"ಮಾವಿನಕಾಯಿ ಹಾಗೆ ಹಣ್ಣಾಗುತ್ತೆ. ಕಿತ್ತಳೆ ಕಿತ್ತ ಮೇಲೆ ಸಿಹಿಯಾಗಲ್ಲ ಅಂತ ಅಮ್ಮ..."

"ಬಣ್ಣದ ವಿಷಯಕ್ಕೆ ನಿಮ್ಮಮ್ಮನ್ನ ಎಳೀಬೇಡ."

ಗಿಡ ಬೋಳಾಯಿತು. ಚೀಲ ಬೀರುವಿನ ಮೇಲೇರಿತು. ಅಷ್ಟರಲ್ಲಿ ಮಂಡಿನೋವು, ಎರಡು ವಾರ ಬಿಟ್ಟು ಬರುತ್ತೇನೆ ಎಂದು ಅತ್ತೆಯ ಫೋನು. ಚೀಲ ಅಲ್ಲೇ ಉಳಿಯಿತು. ಬಾಳೆಹಣ್ಣು ಮೊದಲು ಕಳಿಯಿತು, ಆಮೇಲೆ ಕಪ್ಪಾಯಿತು, ಕೊನೆಗೆ ನೀರಾಗಿ ಬೀರುವಿನ ಸಂದಿಯಿಂದ ಇಳಿದು ಇಸ್ತ್ರಿ ಮಾಡಿಟ್ಟ ಅಂಗಿಗಳಿಗೆ ಅಭಿಷೇಕ ಮಾಡಿತು. ಮಲಗುವ ಕೋಣೆಯಲ್ಲಿ ನುಸಿಗಳದೇ ಸಂಸಾರ. ಅಂಗಡಿಯಲ್ಲಿ ಗಿರಾಕಿಯೊಬ್ಬ ಅವನ ಭುಜ ಮೂಸಿ, ಇದು ಹೊಸ ವಾರ್ನಿಷಾ ಎಂದು ವಿಚಾರಿಸಿದ.

ಆದರೆ ಕಿತ್ತಳೆಗೆ ಬಣ್ಣ ಬಂದಿತ್ತು. ಶೇಡ್ ಕಾರ್ಡಿಗೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

ಅತ್ತೆ ಬಂದರು. ಅವನು ಹಣ್ಣುಗಳನ್ನು ತೊಳೆದು, ತಟ್ಟೆಯಲ್ಲಿ ಜೋಡಿಸಿ, ಎದುರಿಗಿಟ್ಟು, ಪಕ್ಕದಲ್ಲೇ ನಿಂತ. ಅವರು ಒಂದು ತೊಳೆ ಬಾಯಿಗಿಟ್ಟರು. ಒಂದು ಕಣ್ಣು ಮುಚ್ಚಿಕೊಂಡಿತು, ಬಹಳ ಹೊತ್ತು ತೆರೆಯಲಿಲ್ಲ.

"ಬಣ್ಣ ನೀವೇ ಹೊಡೆದಿರಾ?" ಎಂದು ಕೇಳಿ, ಬಾಯಿ ಮುಕ್ಕಳಿಸಲು ಹಿತ್ತಲಿಗೆ ಹೋದರು.

ಅವನೂ ಪೆಚ್ಚುಮೋರೆ ಹಾಕಿಕೊಂಡು ಹಿಂದೆ ಹೋದ, ಹೆಂಡತಿಯೂ ಬಂದಳು. ಅತ್ತೆ ಗಿಡದ ಎಲೆಗಳ ನಡುವೆ ಕೈಹಾಕಿ ಒಂದು ದಪ್ಪ ಕಿತ್ತಳೆಯನ್ನು ಹೊರತೆಗೆದರು. ಅಚ್ಚ ಹಸಿರು. ಅಂಗೈಯಲ್ಲಿ ತೂಗಿ ನೋಡಿ, ಸುಲಿದು, ತಾವು ತಿಂದು, ಮಗಳಿಗೆ ಕೊಟ್ಟು, ಅವನಿಗೂ ಒಂದು ತೊಳೆ ಕೊಟ್ಟರು. ಅದು ಅಷ್ಟು ಸಿಹಿಯಾಗಿದ್ದುದಕ್ಕೆ ಅವನಿಗೆ ಅಳುವೇ ಬಂತು.

"ಇದೊಂದು ಮೆಚ್ಚೋ ಕೆಲಸ ಮಾಡಿದ್ದೀರಿ ಅಳಿಯಂದಿರೇ," ಎಂದರು ಅತ್ತೆ. "ಹಸಿರಿದ್ದರೂ ಇದೊಂದನ್ನಾದರೂ ಕಿತ್ತುಬಿಡದೆ ಗಿಡದಲ್ಲೇ ಮಾಗೋಕೆ ಬಿಟ್ಟಿದ್ದೀರಿ. ಭೇಷ್."

ಇಷ್ಟು ವರ್ಷ ಕಾದ ಮಾತು ಬಂದೇಬಿಟ್ಟಿತು. ಅವನು ತಲೆಬಾಗಿ ಅದನ್ನು ಸ್ವೀಕರಿಸುವುದರಲ್ಲಿದ್ದ.

"ಬಿಟ್ಟಿದ್ದಲ್ಲಮ್ಮ," ಎಂದಳು ಹೆಂಡತಿ. "ಎಲೆನೂ ಹಸಿರು, ಕಾಯಿನೂ ಹಸಿರು. ಇವರಿಗೆ ಬಣ್ಣ ಗೊತ್ತಾಗಲಿಲ್ಲ."