ಗ್ರಹಗಳ ಬಾಗಿಲಲ್ಲಿ ಬಿಟ್ಟ ಚಪ್ಪಲಿ

ತಾರಾಲಯದ ಬಾಗಿಲಲ್ಲಿ ಚಪ್ಪಲಿ ಬಿಡುವುದು ತಪ್ಪಲ್ಲ. ಇದನ್ನು ಅಂದೂ ಹೇಳಿದೆ, ಇಂದೂ ಹೇಳುತ್ತೇನೆ. ಮನೆಯವರೆಲ್ಲ ಒಂದು ಕಡೆ, ನಾನೊಬ್ಬನೇ ಒಂದು ಕಡೆ. ಇರಲಿ!

ತೊಂಬತ್ತರ ದಶಕದ ಒಂದು ಭಾನುವಾರ. ನನ್ನ ಮಾವ ಬಂಗಾರಪೇಟೆಯಿಂದ ಬೆಳಗಿನ ರೈಲಿಗೆ ಕೃಷ್ಣರಾಜಪುರದ ನಮ್ಮ ಮನೆಗೆ ಬಂದರು. ನಾದಿನಿಗೆ ಹಲಸೂರಿನಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಬಂದು ಹೆಣ್ಣು ನೋಡಿ ಹೋಗಿದ್ದ. ಈಗ ನಾವು ಅವರ ಮನೆ ನೋಡಿ ಮಾತು ಮುಗಿಸಬೇಕಿತ್ತು. ನಾಲ್ಕೂವರೆಗೆ ರಾಹುಕಾಲ, ಅಷ್ಟರೊಳಗೆ ಅವರ ಹೊಸ್ತಿಲು ದಾಟಬೇಕು. ಇದಕ್ಕೆಂದೇ ಮಾವ ಹೊಸ ಕರಿ ಶೂ ಕೊಂಡಿದ್ದರು. ಅದರಲ್ಲಿ ನಡೆಯುವುದನ್ನು ಇನ್ನೂ ಕಲಿಯುತ್ತಿದ್ದರು.

“ಅಲ್ಲೀವರೆಗೂ ಮನೇಲಿ ಕೂತು ಏನ್ಮಾಡ್ತೀರಾ ಮಾವ? ಕಂಟೋನ್ಮೆಂಟ್ ಕಡೆ ಪ್ರಾಣಿಗಳ ಮ್ಯೂಸಿಯಂ ಇದೆ, ಅದ್ರೊಳಗೇ ತಾರಾಲಯ. ಬನ್ನಿ ತೋರಿಸ್ತೀನಿ. ಬೆಂಗಳೂರಲ್ಲಿ ನಂಗೆ ಗೊತ್ತಿಲ್ದೇ ಇರೋ ಜಾಗಾನೇ ಇಲ್ಲ,” ಎಂದೆ. ಅಲ್ಲಿಗೆ ನಾನೂ ಹೋಗಿರಲಿಲ್ಲ. ಅದು ಬೇರೆ ವಿಷಯ!

“ರೀ, ಇವತ್ತೇ ಬೇಕಾ?” ಎಂದಳು ನನ್ನ ಹೆಂಡತಿ ಸರೋಜ.

ಬೇಕು! ಮದುವೆಯಾದಾಗಿನಿಂದ ಮಾವ ನನ್ನ ಬಗ್ಗೆ ಒಂದೇ ಒಂದು ಒಳ್ಳೆಯ ಮಾತು ಆಡಿದವರಲ್ಲ. ಅವತ್ತು ಆಡಿಸಿಯೇ ತೀರುವುದೆಂದು ನಾನು ಹಟ ಹಿಡಿದಿದ್ದೆ.

ಮ್ಯೂಸಿಯಂ ಅವರಿಗೆ ಹಿಡಿಸಲಿಲ್ಲ. ತಿಮಿಂಗಿಲದ ಅಸ್ಥಿಪಂಜರದ ಮುಂದೆ ನಿಂತು, “ತುಂಬಾ ಬಡಕಲಾಗಿದೆ,” ಎಂದರು. ತಾರಾಲಯವೇ ಗತಿ ಎಂದುಕೊಂಡು ಅತ್ತ ಕರೆದೊಯ್ದೆ. ಮೇಲೆ ಗುಮ್ಮಟ, ಒಳಗೆ ಕತ್ತಲೆ, ನೆಲಕ್ಕೆ ಮೆತ್ತನೆಯ ಕಾರ್ಪೆಟ್, ಬಾಗಿಲ ಮೇಲೆ ‘ಒಂಬತ್ತು ಗ್ರಹಗಳ ದರ್ಶನ’ ಎಂಬ ಬೋರ್ಡು. ನೀವೇ ಹೇಳಿ, ಮನುಷ್ಯನಾದವನು ಏನು ಮಾಡಬೇಕು? ನಾನು ಚಪ್ಪಲಿ ಬಿಟ್ಟೆ.

“ಇಲ್ಲಿ ಯಾರೂ ಬಿಟ್ಟಿಲ್ವಲ್ಲ ಅಳಿಯಂದ್ರೇ?” ಎಂದರು ಮಾವ.

“ಮಾವ, ಇವತ್ತು ಮಗಳ ಮದುವೆ ಮಾತು. ಶನಿ ತಲೆ ಮೇಲೇ ಬರ್ತಾನೆ. ಅವನ ಕೆಳಗೆ ಶೂ ಹಾಕ್ಕೊಂಡು ಕೂತ್ಕೋತೀರಾ?”

ಮಾವ ಶೂ ಬಿಚ್ಚಿದರು. ಸರೋಜ ಮಾತ್ರ ಚಪ್ಪಲಿಯನ್ನು ಚೀಲಕ್ಕೆ ಹಾಕಿಕೊಂಡಳು. ನಮ್ಮ ಹಿಂದಿದ್ದವರು ನಮ್ಮನ್ನು ನೋಡಿ ಬಿಟ್ಟರು. ಅವರ ಹಿಂದಿನವರು ಅವರನ್ನು ನೋಡಿ ಬಿಟ್ಟರು. ಒಂದು ಇಡೀ ಸಾಲನ್ನು ಸಂಸ್ಕಾರವಂತರನ್ನಾಗಿ ಮಾಡಿದ ಸಂತೋಷದಲ್ಲಿ ಒಳಗೆ ಹೋಗಿ ಕುಳಿತೆ.

ಒಳಗೆ ಶನಿ ಬಂದ, ಗುರು ಬಂದ. ರಾಹು ಕೇತು ಎಷ್ಟು ಹುಡುಕಿದರೂ ಕಾಣಲಿಲ್ಲ. ಹೊರಗೆ ಬಂದ ಮೇಲೆ ಕಂಡರು!

ಯಾಕೆಂದರೆ ಆಟ ಮುಗಿದಾಗ ತೆರೆದದ್ದು ಹಿಂದಿನ ಬಾಗಿಲು. ನಾವೆಲ್ಲ ಕಾದ ಸಿಮೆಂಟಿನ ಮೇಲೆ ಬರಿಗಾಲಲ್ಲಿ ಕುಣಿಯುತ್ತಾ ಕಟ್ಟಡ ಸುತ್ತಿ ಮುಂಬಾಗಿಲಿಗೆ ಬಂದೆವು. ಅಷ್ಟರಲ್ಲಿ ಮುಂದಿನ ಆಟದವರೂ ನಮ್ಮ ರಾಶಿ ನೋಡಿ ತಮ್ಮದನ್ನೂ ಅದರ ಮೇಲೆ ಬಿಟ್ಟು ಒಳಗೆ ಹೋಗಿದ್ದರು. ಒಂದೇ ಕೂಗಾಟ, ತಳ್ಳಾಟ.

“ಯಾರ್ರೀ ಇಲ್ಲಿ ಫಸ್ಟು ಚಪ್ಪಲಿ ಬಿಟ್ಟಿದ್ದು?” ಎಂದು ವಾಚ್‌ಮನ್ ಅರಚಿದ.

“ಹೌದ್ರೀ, ಯಾರದು? ಬುದ್ಧಿ ಬೇಡ್ವಾ?” ಎಂದು ನಾನು ಅವನಿಗಿಂತ ಜೋರಾಗಿ ಅರಚಿದೆ. ಸರೋಜ ಕೆಮ್ಮಿದಳು.

ಮಾವನ ಹೊಸ ಶೂ ಮಾಯ! ನನ್ನ ಹಳೇ ಚಪ್ಪಲಿಯನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಅಷ್ಟು ಜನರಲ್ಲಿ ಒಬ್ಬರಿಗೂ ಬೇಡವಾಯಿತೇ ಎಂದು ನನಗೆ ಸ್ವಲ್ಪ ಅವಮಾನವೇ ಆಯಿತು. ಹುಡುಕಾಟದಲ್ಲಿ ನಾಲ್ಕು ಗಂಟೆ ದಾಟಿತು. ಹೊಸದು ಕೊಳ್ಳಲು ಹೊತ್ತಿಲ್ಲ, ರಾಹುಕಾಲ ಬೆನ್ನ ಹಿಂದೆ ಬರುತ್ತಿದೆ. ನನ್ನ ಚಪ್ಪಲಿ ಮಾವನ ಕಾಲಿಗೆ ಹೋಯಿತು, ನಾನು ಬರಿಗಾಲಲ್ಲಿ ಆಟೋ ಹತ್ತಿದೆ. ಹಲಸೂರಿನವರೆಗೂ ಮಾವ ಬಾಯಿ ಬಿಡಲಿಲ್ಲ.

ಹುಡುಗನ ಮನೆಯಲ್ಲಿ ಎಲ್ಲರೂ ಚಪ್ಪಲಿ ಬಿಟ್ಟೇ ಒಳಗೆ ಬರುವುದಲ್ಲವೇ? ಯಾರಿಗೂ ಗೊತ್ತಾಗಲಿಲ್ಲ. “ನೋಡಿದ್ಯಾ?” ಎಂದು ಸರೋಜಳ ಕಡೆ ಹುಬ್ಬು ಹಾರಿಸಿದೆ. ಆದರೆ ಮಾವ ಸಿಡುಕು ಮುಖ ಮಾಡಿಕೊಂಡು ಕೂತಿದ್ದರಿಂದ ಮಾತು ಕುದುರಲೇ ಇಲ್ಲ. ಉಪ್ಪಿಟ್ಟು, ಕೇಸರಿಬಾತು ಆದ ಮೇಲೆ ಹುಡುಗನ ತಂದೆ, “ಯೋಚನೆ ಮಾಡಿ ಹೇಳಿ ಕಳಿಸ್ತೀವಿ,” ಎಂದರು. ಅದರರ್ಥ ಎಲ್ಲರಿಗೂ ಗೊತ್ತಿರುವುದೇ. ಸರೋಜಳ ಕಣ್ಣು ತುಂಬಿತು.

ರಾಹುಕಾಲ ಕಳೆದು ಹೊರಟಾಗ ಇಡೀ ಮನೆ ಕಳಿಸಿಕೊಡಲು ಬಾಗಿಲಿಗೆ ಬಂತು. ಎಲ್ಲರೂ ಮೆಟ್ಟಿಕೊಂಡರು, ನಾನೊಬ್ಬ ನಿಂತೆ.

“ನಿಮ್ದು ಯಾವ್ದು ಸಾರ್?” ಎಂದರು ಹುಡುಗನ ತಂದೆ.

ಮನೆಯ ಹಿರಿಯ ಅಳಿಯ ಬರಿಗಾಲಲ್ಲಿ ಬಂದಿದ್ದಾನೆಂದು ಹೇಳಲಾದೀತೇ? ಮಾನದ ಪ್ರಶ್ನೆ! “ಇದೇ,” ಎಂದು ಎದುರಿಗೆ ಹೊಳೆಯುತ್ತಿದ್ದ ಒಂದು ಜೊತೆಗೆ ಕಾಲು ತೂರಿಸಿದೆ.

“ಸಾರ್… ಅದು ನಂದು,” ಎಂದ ಮದುವೆ ಹುಡುಗ.

ಆಗ ಮಾವ ಬಾಯಿ ಬಿಟ್ಟರು ನೋಡಿ! ತಿಮಿಂಗಿಲದಿಂದ ಹಿಡಿದು ವಾಚ್‌ಮನ್‌ವರೆಗೆ ಒಂದನ್ನೂ ಬಿಡದೆ ಹೇಳಿ, “ಎಲ್ಲಾ ಈ ನಮ್ಮ ಅಳಿಯಂದ್ರ ಬುದ್ಧಿವಂತಿಕೆ!” ಎಂದು ಮುಗಿಸಿದರು. ಹುಡುಗನ ಅಜ್ಜಿ ಮುಂದೆ ಬಂದರು.

“ಗ್ರಹಗಳ ಮುಂದೆ ಚಪ್ಪಲಿ ಬಿಡ್ಬೇಕು ಅಂತ ಈಗಿನ ಕಾಲದಲ್ಲಿ ಯಾರಿಗ್ ಅನ್ಸುತ್ತೆ? ದೇವರು ದಿಂಡರು ಅನ್ನೋ ಭಯ ಇರೋ ಜನ. ಯೋಚನೆ ಏನ್ ಬಂತು? ಇವ್ರ ಮನೆ ಹೆಣ್ಣೇ ಆಗ್ಲಿ ಕಣೋ!”

ಆಯಿತು! ಆ ಮದುವೆ ನಡೆದದ್ದು ನನ್ನಿಂದ. ಇದನ್ನು ಎಲ್ಲಿ ಬೇಕಾದರೂ ಎದೆ ತಟ್ಟಿ ಹೇಳುತ್ತೇನೆ. ಮಾವ ಮಾತ್ರ ಇವತ್ತಿಗೂ ಆ ಒಳ್ಳೆಯ ಮಾತು ಆಡಿಲ್ಲ. ಬೇಡ ಬಿಡಿ, ನನ್ನ ಷಡ್ಡಕನಿಗಾದರೂ ನನ್ನ ಮೇಲೆ ಅಪಾರ ಗೌರವವಿದೆ. ನಾನು ಗೇಟು ತೆರೆದ ಸದ್ದಾದರೆ ಸಾಕು, ಊಟ ಬಿಟ್ಟಾದರೂ ಬಾಗಿಲಿಗೆ ಓಡಿ ಬರುತ್ತಾನೆ.

ಮೊದಲು ತನ್ನ ಚಪ್ಪಲಿಗಳನ್ನು ಎತ್ತಿ ಒಳಗಿಡುತ್ತಾನೆ. ಆಮೇಲೆ, “ಬನ್ನಿ ಅಣ್ಣಾ,” ಎನ್ನುತ್ತಾನೆ.