ನೂರಕ್ಕೆ ಇಪ್ಪತ್ತೆರಡು ಅಂಕ ಕೊಟ್ಟ ಪ್ರಶ್ನಾವಳಿಯವರಿಗೆ

ಹಿರಿಯರು ತಮ್ಮ ಅಂತ್ಯಕಾಲದ ಆರೈಕೆಯ ಬಗ್ಗೆ ಏನೆಂದುಕೊಂಡಿದ್ದಾರೆಂದು ಅಳೆಯುವ ಪ್ರಶ್ನಾವಳಿಯವರ ಸನ್ನಿಧಿಗೆ,

ಮಾನ್ಯರೇ,

ಮುಶಿಗೇರಿಯ ಹಾಲಸಿದ್ದಪ್ಪನ ಶರಣು ಶರಣಾರ್ಥಿ. ತಾವು ಇಪ್ಪತ್ತು ಪ್ರಶ್ನೆ, ಪ್ರಶ್ನೆಗೆ ಐದೈದು ಖಾನೆಗಳ ಸಮೇತ, ದೇವಿಕಾ ಎಂಬ ಹುಡುಗಿಯ ಟ್ಯಾಬಿನೊಳಗೆ ಕುಳಿತು ಕಳೆದ ಸೋಮವಾರ ನಮ್ಮ ಪಡಸಾಲೆಗೆ ದಯಮಾಡಿಸಿದ್ದನ್ನು ನಮ್ಮ ಮನೆತನ ಮರೆಯದು. ಹೇಗೆ ಸಾಯಬೇಕೆಂದಿದ್ದೀರಿ ಎಂದು ಈ ಎಪ್ಪತ್ತಾರು ವರ್ಷಗಳಲ್ಲಿ ನನ್ನನ್ನು ಕೇಳಿದವರು ತಾವೊಬ್ಬರೇ. ಮನೆಯವರು ಊಟಕ್ಕೆ ಏನು ಬೇಕೆಂದೂ ಕೇಳುವುದಿಲ್ಲ.

ಏಳನೆಯ ಪ್ರಶ್ನೆಗೆ ನಾನು ತಡವರಿಸಲಿಲ್ಲ. ಗುಣವಾಗುವ ಆಸೆ ಇಲ್ಲದಾಗ ಯಂತ್ರ ಹಚ್ಚಿ ಉಸಿರಾಡಿಸುವುದು ಬೇಡ ಎಂಬುದಕ್ಕೆ "ಪೂರ್ತಿ ಒಪ್ಪತೇನಿ" ಎಂದೆ. ನಮ್ಮಣ್ಣ ಅಂದಾನೆಪ್ಪ ದೊಡ್ಡ ದವಾಖಾನೆಯಲ್ಲಿ ಹತ್ತೊಂಬತ್ತು ದಿನ ಗಂಟಲಲ್ಲಿ ನಳಿಕೆ ಇಟ್ಟುಕೊಂಡು ಮಲಗಿದ್ದ. ಕಿತ್ತುಕೊಂಡಾನೆಂದು ಕೈ ಕಟ್ಟಿದ್ದರು. ಕಡೆಗೆ ನೀರು ಕೇಳುವುದಕ್ಕೂ ಅವನಿಗೆ ಬಾಯಿ ಇರಲಿಲ್ಲ. ಅದನ್ನು ನೆನೆದರೆ ನನಗೆ ಸಾವಿಗಿಂತ ಆ ಮಂಚದ ಭಯವೇ ಹೆಚ್ಚು.

ಆದರೆ ಒಳಗಿನಿಂದ ನನ್ನ ಹೆಂಡತಿ ರೇಣವ್ವ "ಬಿಡ್ತು ಅನ್ರಿ" ಎಂದಳು. ಸಾವಿನ ಮಾತು ಬಾಯಿಗೆ ಬಂದರೆ ಬಿಡ್ತು ಅನ್ನಿಸದೆ ನಮ್ಮ ಮಂದಿ ಬಿಡುವುದಿಲ್ಲ. ಐವತ್ತೆರಡು ವರ್ಷ ಸಂಸಾರ ಮಾಡಿದವನಿಗೆ ಬೇರೆ ದಾರಿಯುಂಟೇ, ನಾನೂ "ಬಿಡ್ತು" ಎಂದೆ. ದೇವಿಕಾ ಇದೇ ಸೀಮೆಯ ಹುಡುಗಿ. ಅಂಥ ಮಾತು ಟ್ಯಾಬಿನಲ್ಲಿ ಉಳಿಯುವುದು ಅವಳಿಗೂ ಅಪಶಕುನವೆನಿಸಿರಬೇಕು. "ಹಂಗಾರ ಬದಲಿ ಮಾಡ್ಲೇನ್ರಿ ಅಜ್ಜಾರ?" ಎಂದು ಕೇಳಿದಳು. "ಮಾಡವ್ವಾ, ಪುಣ್ಯ ಬರತೈತಿ" ಎಂದವಳು ರೇಣವ್ವ. ನನ್ನ ಉತ್ತರ ಈ ತುದಿಯ ಖಾನೆಯಿಂದ ಆ ತುದಿಗೆ ಹೋಯಿತು. ಹಿಂದಿನವೂ ಮುಂದಿನವೂ ಅದೇ ದಾರಿ ಹಿಡಿದವು. ಕಡೆಗೆ ಸಾವಿಗೆ ನನ್ನ ಸಿದ್ಧತೆ ನೂರಕ್ಕೆ ಇಪ್ಪತ್ತೆರಡು ಎಂದು ತಾವು ಅಂಕ ಕೊಟ್ಟಿರಿ.

ಮಾನ್ಯರೇ, ನಾನು ರೋಣದ ಪೇಟೆಯಲ್ಲಿ ನಲವತ್ತು ವರ್ಷ ಕಡಲೆ ತೂಗಿದವನು. ಚೀಲದ ತೂಕ ಕಳೆಯದೆ ಕಾಳಿನ ತೂಕ ಹೇಳಿದ್ದರೆ ನನ್ನನ್ನು ಪೇಟೆಯಿಂದ ಓಡಿಸುತ್ತಿದ್ದರು. ತಾವೋ ಹೆಂಡತಿ, ಮಗ, ಬಾಗಿಲಲ್ಲಿ ನಿಂತ ನೆರೆಯವರನ್ನೆಲ್ಲ ಸೇರಿಸಿ ತೂಗಿ, ಇದು ಹಾಲಸಿದ್ದಪ್ಪನ ಮನಸ್ಸು ಎಂದಿರಿ. ಎಂಥ ವಿದ್ಯೆ! ಪಕ್ಕದ ಮನೆಯ ಮುಮತಾಜಬಿ ತನ್ನ ಹೆಣಕ್ಕೆ ಹೊದಿಸಬೇಕಾದ ಕಫನಿನ ಬಟ್ಟೆಯನ್ನು ಟ್ರಂಕಿನಲ್ಲಿಟ್ಟು ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕುವವಳು. ಅವಳಿಗೂ ತಾವು "ಯಾವ ಸಿದ್ಧತೆಯೂ ಇಲ್ಲ" ಎಂದು ಬರೆದಿರುವುದಾಗಿ ಕೇಳಿ ಧನ್ಯನಾದೆ.

ಇಷ್ಟಾದರೂ ನಾನು ಸುಮ್ಮನಿರುತ್ತಿದ್ದೆ. ಆದರೆ ನನ್ನ ಮಗ ಕಲ್ಲೇಶ ತಮ್ಮ ಇಪ್ಪತ್ತೆರಡು ಅಂಕದ ಫೋಟೋ ತೆಗೆದುಕೊಂಡು, "ನಮ್ಮಪ್ಪಗ ಇನ್ನೂ ಭಾಳ ಬದುಕೂ ಆಸೆ ಐತ್ರಿ, ಕಡೀತನಕಾ ಮಶೀನ್ ಹಚ್ಚಸೂದ" ಎಂದು ಬೀಗರಿಗೆಲ್ಲ ತೋರಿಸುತ್ತಿದ್ದಾನೆ. ಒಳ್ಳೆಯ ಮಗ, ಅದೇ ಸಂಕಟ. ನನ್ನ ಮೇಲಿನ ಪ್ರೀತಿಗೆ ಅವನು ನನ್ನ ಕೈಯನ್ನೂ ಕಟ್ಟಿಸುತ್ತಾನೆ.

ಆದ್ದರಿಂದ ತಮ್ಮಲ್ಲಿ ಸಣ್ಣ ಬಿನ್ನಹ. ರೇಣವ್ವ ಭೀಮವ್ವನ ದರ್ಶನಕ್ಕೆ ಇಟಗಿಯ ಗುಡಿಗೆ ಹೋದ ದಿನ ನೋಡಿ ಮತ್ತೊಮ್ಮೆ ಬರುವುದು. "ಒಪ್ಪುತ್ತೇನೆ, ಆದರೆ ಮನೆಯವರೆದುರು ಅಲ್ಲ" ಎಂಬ ಆರನೆಯ ಖಾನೆ ತೆರೆಯುವುದು. ಆಗದಿದ್ದರೆ, ನನ್ನ ಕಡೆಯ ದಿನ ಆಂಬ್ಯುಲೆನ್ಸ್ ಬಂದಾಗ ತಾವೇ ಖುದ್ದಾಗಿ ಬಾಗಿಲಿಗೆ ಅಡ್ಡ ನಿಂತು, ಈತನನ್ನು ಮನೆಯಲ್ಲೇ ಬಿಡಿರೆಂದು ಹೇಳುವುದು. ಹಾಗೆಯೇ, ಅಪ್ಪನನ್ನು ಹೋಗಗೊಡಲು ನೀವು ಎಷ್ಟು ಸಿದ್ಧರಿದ್ದೀರಿ ಎಂದು ಮಕ್ಕಳನ್ನು ಕೇಳುವ ಪ್ರಶ್ನಾವಳಿ ತಮ್ಮ ಬಂಧುಬಳಗದಲ್ಲಿದ್ದರೆ, ಅವರನ್ನು ಮೊದಲು ನಮ್ಮ ಮನೆಗೆ ಕಳಿಸುವುದು.

ಇಪ್ಪತ್ತೆರಡೇ ಅಂಕದ ಯೋಗ್ಯತೆಯ,
ತಮ್ಮ ವಿಶ್ವಾಸಿ,
ಹಾಲಸಿದ್ದಪ್ಪ

ತಾ.ಕ.: ಈ ಪತ್ರವನ್ನು ರೋಣದಲ್ಲಿ ಅಂಚೆಗೆ ಹಾಕಲು ಕಲ್ಲೇಶನ ಕೈಯಲ್ಲೇ ಕೊಡುತ್ತಿದ್ದೇನೆ. ಮಂದಿಯ ಕಾಗದ ಓದದೆ ಬಿಟ್ಟವನಲ್ಲ ಅವನು, ಆದ್ದರಿಂದ ಲಕೋಟೆಗೆ ಅಂಟು ಹಚ್ಚಿಲ್ಲ. ತಮಗೆ ಮುಟ್ಟದಿದ್ದರೂ ನಡೆದೀತು.